ಕೈಗುಣದ ಅಕೌಂಟು

ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಫೋನ್ ಬಂದರೆ, ಈಗ ಕೆಲಸಕ್ಕೆ ಸೇರಿರುವ ಮಕ್ಕಳು ಮೊದಲು ಇಂಟರ್ನೆಟ್ಟನ್ನು ಬೈಯುತ್ತಾರೆ. ಆಮೇಲೆ ಕಂಪ್ಯೂಟರ್ ಹಳೆಯದಾಯಿತು ಎನ್ನುತ್ತಾರೆ. ಕೊನೆಗೆ ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುತ್ತಾರೆ. ನಿಮ್ಮ ತಲೆ. ಮೊದಲು ಕೇಳಬೇಕಾದದ್ದು ಇಷ್ಟೇ: ಕಂಪ್ಯೂಟರ್ ಮುಂದೆ ಕೂತವರು ಯಾರ ಹೆಸರಿನಲ್ಲಿ ಕೂತಿದ್ದಾರೆ, ಆ ಹೆಸರಿಗೆ ಹೊಸದೇನನ್ನಾದರೂ ಒಳಗೆ ಬಿಟ್ಟುಕೊಳ್ಳುವ ಹಕ್ಕು ಇದೆಯೋ ಇಲ್ಲವೋ? ನನ್ನ ನೌಕರಿಯ ಬಹುಪಾಲು ಈ ಪ್ರಶ್ನೆ ಕೇಳುವುದರಲ್ಲೇ ಕಳೆಯಿತು. ಇದಕ್ಕೆ ಉತ್ತರ ಹೇಳಲು ಜನ ಯಾಕೆ ಅಷ್ಟು ತಡವರಿಸುತ್ತಾರೆ ಎನ್ನುವುದು ಅರ್ಥವಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ನಾನು ರಾಜಾಜಿನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಎಂಜಿನಿಯರ್ ಆಗಿದ್ದೆ. ಹೆಗಲಿಗೆ ಸ್ಕ್ರೂಡ್ರೈವರ್ ಚೀಲ ಹಾಕಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಪೆಡ್ ಮೇಲೆ ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಸುತ್ತುತ್ತಿದ್ದೆ. ಬಾಗಿಲು ತೆರೆದವರು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, "ಎಂಜಿನಿಯರ್ ಎಲ್ಲಿ ಮೇಡಂ, ಗಾಡಿ ಪಾರ್ಕ್ ಮಾಡ್ತಾ ಇದಾರಾ?" ಎಂದು ಕೇಳುವುದು ವಾಡಿಕೆಯಾಗಿತ್ತು. "ಪಾರ್ಕ್ ಮಾಡಿ ಬಂದಿದಾರೆ, ನಿಮ್ಮೆದುರೇ ನಿಂತಿದಾರೆ" ಎಂದು ಹೇಳಿ ಒಳಗೆ ನುಗ್ಗುತ್ತಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ. ಇಳಿಯುವುದೂ ಬೇಗ, ಆದರೆ ಅಷ್ಟರಲ್ಲಿ ಎರಡು ಮಾತು ಆಡಿಯಾಗಿರುತ್ತದೆ.

ನಮ್ಮ ಯಜಮಾನರು ಶ್ರೀಕಂಠಯ್ಯ. ಮೊದಲು ಟೈಪ್‌ರೈಟರ್ ರಿಪೇರಿ ಮಾಡಿಸುತ್ತಿದ್ದವರು, ಕಾಲಕ್ಕೆ ತಕ್ಕಂತೆ ಕಂಪ್ಯೂಟರಿಗೆ ಬಂದವರು. ಟೈಪ್‌ರೈಟರ್ ಮುಂದೆ ಯಾರು ಕೂತರೂ ಅಕ್ಷರ ಬೀಳುತ್ತಿತ್ತು. ಕಂಪ್ಯೂಟರ್ ಮಾತ್ರ ಇವರಿಗೊಂದು ಅವರಿಗೊಂದು ಮಾಡುತ್ತದೆ ಎನ್ನುವುದು ಅವರಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. "ಎಲ್ಲರಿಗೂ ಪೂರ್ತಿ ಹಕ್ಕು ಕೊಟ್ಟು ಬಾಮ್ಮ ವನಜಾ, ಆಗ ಯಾರೂ ಫೋನ್ ಮಾಡಲ್ಲ" ಎಂದರು. ಕೊಟ್ಟೆವು. ಮನೆಮನೆಯ ಕಂಪ್ಯೂಟರಿಗೂ ಆಟ, ವೈರಸ್ಸು, ಊರಿನ ಕಸವೆಲ್ಲ ಬಂದು ಸೇರಿಕೊಂಡು ಫೋನು ಎರಡರಷ್ಟಾಯಿತು. "ಹಾಗಾದ್ರೆ ಯಾರಿಗೂ ಕೊಡಬೇಡ" ಎಂದರು. ಆಗ ಪ್ರಿಂಟರ್ ಜೋಡಿಸುವುದಕ್ಕೂ ನಮ್ಮನ್ನೇ ಕರೆಯತೊಡಗಿದರು. ಶ್ರೀಕಂಠಯ್ಯನವರು ತಲೆ ಕೆರೆದುಕೊಂಡು, "ಏನಾದ್ರೂ ಮಾಡ್ಕೋ ಹೋಗು" ಎಂದುಬಿಟ್ಟರು. ಆವತ್ತಿನಿಂದ ನನಗೆ ಸ್ವಾತಂತ್ರ್ಯ ಸಿಕ್ಕಿತು.

ಅವರನ್ನು ಬೈದಷ್ಟೇ ನೆನೆಯುತ್ತೇನೆ. ಕೆಲಸ ಮುಗಿಸಿ ಬಂದ ಕೂಡಲೇ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ "ರಿಪೇರಿ ಆಯ್ತಾ" ಎಂದಲ್ಲ, "ಕಾಫಿ ಕೊಟ್ರಾ" ಎಂದು. ಕೊಡಲಿಲ್ಲ ಎಂದರೆ ಆ ಮನೆಯ ಮುಂದಿನ ಕಂಪ್ಲೇಂಟು ಅವರ ಮೇಜಿನ ಮೇಲೆ ಸ್ವಲ್ಪ ಹೊತ್ತು ಮಲಗಿಯೇ ಏಳುತ್ತಿತ್ತು.

ಹಕ್ಕು ಕೊಡುವುದೂ ಕೊಡದಿರುವುದೂ ಎರಡೂ ಸಾಲದು, ಎಷ್ಟು ಕೊಡಬೇಕು ಎಂದು ಗೊತ್ತಿರಬೇಕು ಎನ್ನುವುದನ್ನು ನಾನು ಕಲಿತದ್ದು ವಿಜಯನಗರದ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಅಲ್ಲಿ ರಿಸೆಪ್ಷನಿನ ಹುಡುಗಿ ಬೆಳಿಗ್ಗೆ ಬಂದು ರೋಗಿಗಳ ಹೆಸರು ತುಂಬಿಸುತ್ತಿದ್ದಳು. ಸಂಜೆ ಡಾಕ್ಟರು ಬಂದು ತಮ್ಮ ಹೆಸರಿನಲ್ಲಿ ಲಾಗಿನ್ ಆದರೆ ಒಂದು ಹೆಸರೂ ಇಲ್ಲ. ಬೈಗುಳ. ಮಾರನೆಯ ದಿನ ಅವಳು ತೆರೆದರೆ ಎಲ್ಲ ಹೆಸರೂ ಇವೆ. ಡಾಕ್ಟರ್ ನೋಡಿದರೆ ಮತ್ತೆ ಇಲ್ಲ. ಹುಡುಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಡಾಕ್ಟರು, "ಕೆಲಸ ಮಾಡದೆ ಸುಳ್ಳು ಹೇಳ್ತಾಳೆ ಮೇಡಂ" ಎಂದರು.

ಸುಳ್ಳಲ್ಲ. ಆ ಸಾಫ್ಟ್‌ವೇರ್ ತನ್ನ ಫೋಲ್ಡರಿನಲ್ಲೇ ಬರೆದಿಡುವಂಥದ್ದು. ಅಲ್ಲಿ ಬರೆಯುವ ಹಕ್ಕು ಹುಡುಗಿಯ ಅಕೌಂಟಿಗೆ ಇರಲಿಲ್ಲ. ಇಲ್ಲ ಎಂದು ಮುಖಕ್ಕೆ ಹೇಳುವ ಬದಲು ಕಂಪ್ಯೂಟರ್ ಅವಳು ಬರೆದದ್ದನ್ನೆಲ್ಲ ಸದ್ದಿಲ್ಲದೆ ಅವಳದೇ ಒಂದು ಮೂಲೆಯಲ್ಲಿ ಇಟ್ಟುಕೊಳ್ಳುತ್ತಿತ್ತು. ಆ ಮೂಲೆ ಅವಳಿಗೆ ಮಾತ್ರ ಕಾಣುತ್ತಿತ್ತು. ನಾನು ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಹಕ್ಕು ಕೊಟ್ಟು, ಮೂಲೆಯಲ್ಲಿದ್ದ ಹೆಸರುಗಳನ್ನೆಲ್ಲ ತಂದು ಸೇರಿಸಿದೆ. ಡಾಕ್ಟರ ಪರದೆಯ ಮೇಲೆ ರೋಗಿಗಳು ಸಾಲಾಗಿ ಬಂದು ನಿಂತರು. ಅವರು ಹುಡುಗಿಗೆ ಸಾರಿ ಹೇಳಲಿಲ್ಲ. ನಾನು ಚೀಲ ಎತ್ತದೆ ಕೂತೇ ಇದ್ದೆ. "ಇನ್ನೇನಾದ್ರೂ ಇದೆಯಾ ಮೇಡಂ?" ಎಂದರು. "ನಿಮ್ಮ ಕಡೆಯಿಂದ ಇದೆ ಸಾರ್" ಎಂದೆ. ಆಮೇಲೆ ಹೇಳಿದರು, ಪಾಪ.

ಈಗ ಇದೆಲ್ಲ ದೂರದಿಂದಲೇ ನಡೆಯುತ್ತದೆ. ಎಲ್ಲೋ ಕೂತವರು ನಮ್ಮ ಪರದೆಯೊಳಗೆ ಬಂದು ಬಾಣದ ಗುರುತನ್ನು ಓಡಾಡಿಸಿ ಹೋಗುತ್ತಾರೆ. ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಹಾಗೆ ಬಂದವರಿಗೆ ಮನೆ ಕಾಣುವುದಿಲ್ಲ. ಹಳೆಯ ರೇಷ್ಮೆ ಸೀರೆಯ ಅಂಚಿನಿಂದ ಹೊಲಿದ ಮಾನಿಟರ್ ಕವರು, ಯುಪಿಎಸ್ ಮೇಲೆ ಒಣಗಲು ಇಟ್ಟ ಕಡಲೆಕಾಯಿ, ಸಿಪಿಯು ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇದೆಲ್ಲ ನೋಡದೆ ಯಾರ ಕಂಪ್ಯೂಟರನ್ನೂ ನಾನು ಮುಟ್ಟಿದವಳಲ್ಲ. ಆ ಮನೆಗಳ ನೆನಪು ಬಂದರೆ ಈಗಲೂ ಸಂಕಟವಾಗುತ್ತದೆ. ಚೀಲ ಹಾಕಿಕೊಂಡು ಹೊರಟುಬಿಡೋಣ ಅನ್ನಿಸುತ್ತದೆ.

ಇನ್ನು ಕೈಗುಣದ ಸಂಗತಿ. ನಮ್ಮ ಕಡೆ ಹೊಸ ಕಂಪ್ಯೂಟರ್ ಬಂದರೆ ರಾಹುಕಾಲ ನೋಡಿ, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಸ್ವಿಚ್ ಒತ್ತುವುದು. ಒತ್ತುವವರು ಯಾರು? ಮನೆಯಲ್ಲಿ ಯಾರ ಕೈಗುಣ ಚೆನ್ನಾಗಿದೆಯೋ ಅವರು. ಹಾಲು ಉಕ್ಕಿಸುವುದಕ್ಕೆ, ಮೊದಲ ಬೀಜ ಹಾಕುವುದಕ್ಕೆ, ಅಂಗಡಿಯ ಮೊದಲ ಬೋಣಿಗೆ ಕರೆಯುವ ಕೈಯೇ ಇದಕ್ಕೂ ಬೇಕು. ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರ್ ಕೇಳುವ ಮೊದಲ ಮಾತು ನಿಮ್ಮ ಹೆಸರೇನು ಎಂದು. ಎಲ್ಲರೂ ಒಕ್ಕೊರಲಿನಿಂದ ಆ ಕೈಗುಣದವರ ಹೆಸರನ್ನೇ ಹೇಳುತ್ತಿದ್ದರು. ಮೊದಲ ಹೆಸರಿನವರೇ ಅಡ್ಮಿನಿಸ್ಟ್ರೇಟರ್, ಕಂಪ್ಯೂಟರಿನ ಯಜಮಾನರು. ಆಮೇಲೆ ಬಂದವರಿಗೆಲ್ಲ ನಾವು ಸಾಮಾನ್ಯ ಅಕೌಂಟು ಮಾಡಿಕೊಡುತ್ತಿದ್ದೆವು. ಹೀಗಾಗಿ ಪಶ್ಚಿಮ ಬೆಂಗಳೂರಿನಲ್ಲಿ ಮೌಸ್ ಹಿಡಿಯಲೂ ಬಾರದ ಎಷ್ಟೋ ಅಜ್ಜಿಯಂದಿರು, ಸೋದರತ್ತೆಯರು ಕಂಪ್ಯೂಟರುಗಳಿಗೆ ಒಡೆಯರಾಗಿ ಕೂತಿದ್ದರು. ದಿನವಿಡೀ ಅದರ ಮುಂದೆ ದುಡಿಯುವವರು ಒಂದು ಸಣ್ಣ ಸಾಫ್ಟ್‌ವೇರ್ ಹಾಕಬೇಕಾದರೂ ಪರದೆ ಮಬ್ಬಾಗಿ, ನಡುವೆ ಒಂದು ಚೌಕ ಬಂದು, ಅಜ್ಜಿಯ ಹೆಸರು ತೋರಿಸಿ ಅಜ್ಜಿಯ ಪಾಸ್‌ವರ್ಡ್ ಕೇಳುತ್ತಿತ್ತು.

ಹೆಗ್ಗನಹಳ್ಳಿಯ ಶೋಭಾ ಮನೆಯಲ್ಲಿ ಆದದ್ದು ಇದೇ. ಆದರೆ ಅಲ್ಲಿ ಅಡ್ಮಿನಿಸ್ಟ್ರೇಟರ್ ಆಗಿದ್ದ ಪುಟ್ಟಗೌರಮ್ಮನವರಿಗೆ ಮೌಸ್ ಹಿಡಿಯಲು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು.

ಶೋಭಾ ಮತ್ತು ಪುಟ್ಟಗೌರಮ್ಮ ಅಣ್ಣತಮ್ಮಂದಿರ ಹೆಂಡತಿಯರು. ಹಳೆಯ ಹಳ್ಳಿಯ ಮನೆತನ. ಹೊಲವಿದ್ದ ಜಾಗದಲ್ಲಿ ಮನೆಗಳೆದ್ದ ಮೇಲೆ ಇಬ್ಬರೂ ಸೇರಿ ಮೊದಲ ಮಹಡಿಯಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿ ಶುರುಮಾಡಿದ್ದರು. ಮದುವೆ ಹೆಣ್ಣಿನ ರವಿಕೆಗೆ ನವಿಲು, ಹಂಸ, ಮಾವಿನಕಾಯಿ. ಹಿರಿಯವರಾದ ಪುಟ್ಟಗೌರಮ್ಮ ಮೌಸ್ ಹಿಡಿದು ಡಿಸೈನ್ ಬರೆಯುವುದು, ಶೋಭಾ ಮೆಷೀನ್ ಓಡಿಸುವುದು, ಗಿರಾಕಿಗಳನ್ನು ನೋಡಿಕೊಳ್ಳುವುದು. ನಾನು ಹೋದಾಗಲೆಲ್ಲ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು ಮಾತಾಡುತ್ತಿದ್ದರು. ಕಾಫಿಯಂತೂ ಕೇಳುವ ಹಾಗೇ ಇರಲಿಲ್ಲ, ಅದರ ಜೊತೆ ನಿಪ್ಪಟ್ಟು.

ಆ ಸಲ ಫೋನ್ ಮಾಡಿದ್ದು ಶೋಭಾ. "ಮೇಡಂ, ಹೊಸ ಮೆಷೀನ್ ತಗೊಂಡಿದೀವಿ. ಅದರ ಸಾಫ್ಟ್‌ವೇರ್ ಹತ್ತಕ್ಕೇ ಬಿಡ್ತಿಲ್ಲ. ಭಾನುವಾರ ಅನ್ನಪೂರ್ಣೇಶ್ವರಿ ನಗರದವರ ಮದುವೆ ಇದೆ, ಹೆಣ್ಣಿನ ರವಿಕೆ ಎಲ್ಲಾ ಇಲ್ಲೇ ಬಿದ್ದಿದೆ. ಹಳೇ ಮೆಷೀನ್ ಎಕ್ಸ್‌ಚೇಂಜಿಗೆ ಕೊಟ್ಬಿಟ್ಟಿದೀನಿ."

ಹೋದೆ. ಹೊಸ ಮೆಷೀನು ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಹಾಗೇ ನಿಂತಿತ್ತು. ಇನ್‌ಸ್ಟಾಲ್ ಒತ್ತಿದರೆ ಪರದೆ ಮಬ್ಬಾಗಿ ಪುಟ್ಟಗೌರಮ್ಮನವರ ಹೆಸರು ಬಂತು, ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ.

"ಇಷ್ಟೇನಾ? ಅಕ್ಕನ್ನ ಕರೀರಿ" ಎಂದೆ.

ಶೋಭಾ ಕಿಟಕಿಯ ಕಡೆ ತಿರುಗಿ, "ಅಕ್ಕ ಇಲ್ಲಿಲ್ಲ. ಕೆಂಗೇರಿಲಿ ಮಗಳ ಮನೇಲಿದಾರೆ. ನಮ್ಮಿಬ್ಬರಿಗೂ ಮಾತಿಲ್ಲ" ಎಂದಳು.

ಜಗಳ ಏನೆಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರೋ ಅವಸರದ ಗಿರಾಕಿ. ಪುಟ್ಟಗೌರಮ್ಮ ಬರೆದಿದ್ದ ನವಿಲಿಗೆ ಗರಿ ಹೆಚ್ಚು, ಮೆಷೀನ್ ಮುಗಿಸಲು ಹೊತ್ತಾಗುತ್ತದೆ ಎಂದು ಶೋಭಾ ಅರ್ಧ ಗರಿ ಅಳಿಸಿ ಹೊಲಿದು ಕೊಟ್ಟಿದ್ದಾಳೆ. ಆ ಮದುವೆಗೆ ಪುಟ್ಟಗೌರಮ್ಮನೂ ಹೋಗಿದ್ದಾರೆ. ಹೆಣ್ಣಿನ ಬೆನ್ನ ಮೇಲೆ ಪುಕ್ಕ ಕಿತ್ತ ಕೋಳಿಯ ಹಾಗೆ ನವಿಲು. ಅಲ್ಲಿ ಒಬ್ಬರು, "ಇದೂ ನಿಮ್ಮ ಕೈದೇನಾ ಪುಟ್ಟಗೌರಮ್ಮ?" ಎಂದು ಕೇಳಿದ್ದಾರೆ. ಊಟ ಮಾಡದೆ ಎದ್ದು ಬಂದವರು, ಬೇರೆ ಅಂಗಡಿಯವರನ್ನು ಕರೆಸಿ ಡಿಸೈನುಗಳಿಗೆಲ್ಲ ಬೀಗ ಹಾಕಿಸಿ, ಪಾಸ್‌ವರ್ಡ್ ಬದಲಿಸಿ, ಬಟ್ಟೆ ಕಟ್ಟಿಕೊಂಡು ಕೆಂಗೇರಿಗೆ ಹೊರಟುಹೋಗಿದ್ದಾರೆ.

"ತಪ್ಪು ನಂದೇ ಮೇಡಂ. ಎಷ್ಟು ಸಲ ಫೋನ್ ಮಾಡ್ದೆ, ಎತ್ತಲೇ ಇಲ್ಲ" ಎಂದಳು ಶೋಭಾ. "ಈಗ ನೀವು ಆ ಪಾಸ್‌ವರ್ಡ್ ಒಡೆದುಬಿಡಿ. ರವಿಕೆ ಕೊಡದೆ ಇದ್ರೆ ನಾನು ಈ ಏರಿಯಾದಲ್ಲಿ ತಲೆ ಎತ್ತೋ ಹಂಗಿಲ್ಲ."

ಒಡೆಯುವುದು ನನಗೆ ಗೊತ್ತಿತ್ತು. ಅದಕ್ಕೆ ಬೇಕಾದ ಸೀಡಿ ಚೀಲದಲ್ಲೇ ಇತ್ತು. ಆದರೆ ಮೊದಲು ಡಿಸೈನುಗಳಿದ್ದ ಫೋಲ್ಡರ್ ತೆರೆದು ನೋಡಿದೆ. ಫೈಲುಗಳ ಹೆಸರೆಲ್ಲ ಹಸಿರು ಅಕ್ಷರದಲ್ಲಿದ್ದವು. ಹಸಿರು ಎಂದರೆ ಆ ಬೀಗ ಪುಟ್ಟಗೌರಮ್ಮನವರ ಪಾಸ್‌ವರ್ಡಿಗೆ ಅಂಟಿಕೊಂಡಿದೆ ಎಂದರ್ಥ. ಹೊರಗಿನಿಂದ ಬಲವಂತವಾಗಿ ಪಾಸ್‌ವರ್ಡ್ ಒಡೆದರೆ ಕಂಪ್ಯೂಟರ್ ತೆರೆಯುತ್ತದೆ, ಸಾಫ್ಟ್‌ವೇರೂ ಹತ್ತುತ್ತದೆ, ಆದರೆ ಆ ಫೈಲುಗಳು ಇನ್ನು ಯಾರಿಗೂ ತೆರೆಯುವುದಿಲ್ಲ. ಬರೆದವರಿಗೂ ಇಲ್ಲ.

"ಒಡೆದ್ರೆ ಈ ಹಸಿರು ಹೆಸರಿನವೆಲ್ಲ ಹೋಗ್ತವೆ ಶೋಭಾ" ಎಂದೆ.

"ಎಲ್ಲಾ ನವಿಲೂನಾ?"

"ಎಲ್ಲಾನೂ."

ಶೋಭಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅಷ್ಟರಲ್ಲಿ ಶ್ರೀಕಂಠಯ್ಯನವರ ಫೋನ್ ಬಂತು, ವಿಷಯ ಹೇಳಿದೆ. "ಒಡೆದು ಬಾಮ್ಮ, ಗಿರಾಕಿನೇ ಒಡೀರಿ ಅಂತಿದಾರಲ್ಲ, ನಿಂದೇನು ತಕರಾರು" ಎಂದರು. "ಸಾರ್, ಕಂಪ್ಯೂಟರ್ ಇವಳದಿರಬಹುದು, ಒಳಗಿರೋದು ಇನ್ನೊಬ್ಬರ ಕೈಕೆಲಸ. ಅವರು ಬರದೆ ನಾನು ಮುಟ್ಟಲ್ಲ" ಎಂದೆ. "ಸರಿ ಬಿಡು, ಕಾಫಿ ಆಯ್ತಾ?" ಎಂದು ಕೇಳಿ ಇಟ್ಟರು.

ಶೋಭಾ, "ಬೇಡ ಮೇಡಂ, ಒಡೀಬೇಡಿ. ರವಿಕೆ ಹೋದ್ರೆ ಹೋಗ್ಲಿ. ಅದನ್ನೂ ಕಳೆದ್ರೆ ಅಕ್ಕ ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ" ಎಂದಳು. ಅವಳು ಅಳುತ್ತಿದ್ದಳು.

ನಾನು ನನ್ನ ಫೋನಿನಿಂದ ಕೆಂಗೇರಿಗೆ ಫೋನ್ ಹಚ್ಚಿದೆ. ಪುಟ್ಟಗೌರಮ್ಮ ಎತ್ತಿದರು. ವಿಷಯ ಹೇಳಿದೆ.

"ಪಾಸ್‌ವರ್ಡಾ? ಅದನ್ನ ಬಾಯಲ್ಲಿ ಯಾರಿಗೂ ಹೇಳಬಾರ್ದು ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು?"

"ಹೌದಮ್ಮ, ಹೇಳಬೇಡಿ. ನೀವೇ ಬಂದು ಹಾಕಿ."

"ನಾನು ಆ ಮನೆ ಮೆಟ್ಲು ಹತ್ತಲ್ಲ. ಅವಳು ಏನಾದ್ರೂ ಮಾಡ್ಕೊಳ್ಳಲಿ. ಗರಿ ಕೀಳಕ್ಕೆ ಬಂತಲ್ಲ, ಇದೂ ಬರುತ್ತೆ."

ಇನ್ನೇನು ಇಡುತ್ತಿದ್ದರು. ನನ್ನ ಕಣ್ಣು ಪ್ಲಾಸ್ಟಿಕ್ ಹೊದ್ದ ಮೆಷೀನಿನ ಮೇಲೆ ಬಿತ್ತು. ಅದರ ಮೇಲೆ ಒಂದು ಚುಕ್ಕೆ ಕುಂಕುಮವೂ ಇರಲಿಲ್ಲ.

"ಸರಿ ಬಿಡಿಯಮ್ಮ. ಮೆಷೀನಿಗೆ ಇನ್ನೂ ಪೂಜೆನೂ ಆಗಿಲ್ಲ, ಹೊದಿಕೆನೂ ತೆಗೆದಿಲ್ಲ" ಎಂದೆ.

ಅವರು ಫೋನ್ ಇಡಲಿಲ್ಲ.

"ಯಾಕೆ ಆಗಿಲ್ಲ?"

ನಾನು ಫೋನ್ ಕೆಳಗಿಳಿಸಿ ಶೋಭಾಳನ್ನು ಕೇಳಿದೆ. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿ, "ಅಕ್ಕ ಇಲ್ಲದೆ ಯಾರು ಶುರು ಮಾಡ್ತಾರೆ?" ಎಂದಳು. ಅದು ಆ ಕಡೆಗೂ ಕೇಳಿಸಿರಬೇಕು. ಪುಟ್ಟಗೌರಮ್ಮ ಫೋನ್ ಇಟ್ಟುಬಿಟ್ಟರು.

ಮಾರನೆಯ ಬೆಳಿಗ್ಗೆ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅವರು ಬಂದು ಕೂತಿದ್ದರು. ಬುಟ್ಟಿಯಲ್ಲಿ ದಾಸವಾಳ, ನಿಂಬೆಹಣ್ಣು, ಎಲೆಅಡಿಕೆ. ಬಸ್ಸು ಬದಲಿಸಿ ಬದಲಿಸಿ ಬಂದಿದ್ದರಿಂದ ಮೊಣಕಾಲು ನೀವಿಕೊಳ್ಳುತ್ತಿದ್ದರು. ಶೋಭಾಳ ಕಡೆ ತಿರುಗಿಯೂ ನೋಡಲಿಲ್ಲ. "ಮೇಡಂ, ಅವಳಿಗೆ ಹೇಳಿ, ಹೊದಿಕೆ ತೆಗೀಲಿ" ಎಂದರು. ಅವಳು ಪಕ್ಕದಲ್ಲೇ ನಿಂತಿದ್ದಳು. ನಾನು, "ಶೋಭಾ, ಹೊದಿಕೆ ತೆಗೀಬೇಕಂತೆ" ಎಂದೆ. "ಅವಳಿಗೆ ಹೇಳಿ, ದೀಪ ತರಲಿ." ಹೇಳಿದೆ. ಎಂಜಿನಿಯರ್ ಕೆಲಸದಲ್ಲಿ ಇದೂ ಸೇರಿದೆ ಎಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪೂಜೆ ಮುಗಿಸಿ ಪುಟ್ಟಗೌರಮ್ಮ ಕಂಪ್ಯೂಟರ್ ಮುಂದೆ ಕೂತರು. ಚೌಕ ಬಂತು. ಸೆರಗನ್ನು ಕೀಬೋರ್ಡಿನ ಮೇಲೆ ಇಳಿಬಿಟ್ಟು, ಒಳಗೆ ಕೈ ತೂರಿಸಿ, ಒಂದೊಂದೇ ಅಕ್ಷರ ಒತ್ತಿದರು. ತಪ್ಪು ಎಂದಿತು. ಮತ್ತೆ ಒತ್ತಿದರು. ಮತ್ತೆ ತಪ್ಪು. ನಾನು ಕೀಬೋರ್ಡ್ ಮೂಲೆಯ ದೀಪ ನೋಡಿ, "ದೊಡ್ಡಕ್ಷರ ಆನ್ ಆಗಿದೆಯಮ್ಮ" ಎಂದು ಒಂದು ಕೀಲಿ ಒತ್ತಿದೆ. ಮೂರನೆಯ ಸಲ ಚೌಕ ಮಾಯವಾಗಿ ಇನ್‌ಸ್ಟಾಲ್ ಓಡತೊಡಗಿತು. ನಡುವೆ ಮೆಷೀನನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಹಾಕಲು ಪಾಸ್‌ವರ್ಡ್ ಇನ್ನೊಮ್ಮೆ ಕೇಳಿತು, ಆಫ್ ಮಾಡಿ ಆನ್ ಮಾಡಿದ ಮೇಲೆ ಮತ್ತೊಮ್ಮೆ ಕೇಳಿತು. ಪ್ರತಿ ಸಲವೂ ಸೆರಗು ಇಳಿಯಿತು.

ಆಮೇಲೆ ಅವರು ತಮ್ಮ ಹೆಸರಿನಲ್ಲೇ ಒಳಗೆ ಹೋಗಿ ಹಸಿರು ಫೈಲೊಂದನ್ನು ತೆರೆದು ಮೆಷೀನಿಗೆ ಕಳಿಸಿದರು. ಸೂಜಿ ಓಡಿತು. ಚಿಂದಿ ಬಟ್ಟೆಯ ಮೇಲೆ ಕೊಕ್ಕು ಬಂತು, ಕುತ್ತಿಗೆ ಬಂತು, ಗರಿಗಳು ಒಂದಾದ ಮೇಲೊಂದು ಬಿಚ್ಚಿಕೊಂಡವು. ಮುಗಿಯುವ ಹಾಗೇ ಕಾಣಲಿಲ್ಲ. ಮೂವರೂ ಸುಮ್ಮನೆ ನಿಂತು ನೋಡಿದೆವು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಸರಿಮಾಡಿದ ಯಾವುದನ್ನೂ ಅಷ್ಟು ಖುಷಿಯಿಂದ ನೋಡಿದ ನೆನಪಿಲ್ಲ.

"ಗರಿ ಎಲ್ಲಾ ಇರ್ಲಿ ಅಕ್ಕ. ಲೇಟಾದ್ರೆ ಗಿರಾಕಿ ಕಾಯ್ತಾರೆ" ಎಂದಳು ಶೋಭಾ.

ಪುಟ್ಟಗೌರಮ್ಮ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ, "ಮೇಡಂ, ಅವಳಿಗೆ ಹೇಳಿ" ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ನೇರವಾಗಿ, "ಕೆಳಗಿನ ದಾರ ಬಿಗಿಯಾಗಿದೆ ಕಣೇ, ಸಡಿಲ ಮಾಡು" ಎಂದರು.

ಶೋಭಾ ದಾರ ಸಡಿಲ ಮಾಡಲು ಓಡಿದಳು. ಇಬ್ಬರೂ ರವಿಕೆಗಳನ್ನು ಹರಡಿಕೊಂಡು ಯಾವುದು ಮೊದಲು, ಯಾವುದಕ್ಕೆ ಯಾವ ಬಣ್ಣ ಎಂದು ಶುರುಹಚ್ಚಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಹಳೆಯ ಹಾಗೆ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದರು. ಭಾನುವಾರಕ್ಕೆ ರವಿಕೆಗಳಾಗುತ್ತವೆ ಎನ್ನುವುದು ಖಾತ್ರಿಯಾಯಿತು.

ನಾನು ಹೊರಡುವ ಮುಂಚೆ ಕೆಲಸವನ್ನು ಪೂರ್ತಿ ಮಾಡಿ ಹೋಗೋಣ ಎಂದುಕೊಂಡೆ. ಈ ಸಾಫ್ಟ್‌ವೇರಿಗೆ ಆಗಾಗ ಅಪ್‌ಡೇಟ್ ಬರುತ್ತದೆ, ಬಂದಾಗಲೆಲ್ಲ ಆ ಚೌಕವೂ ಬರುತ್ತದೆ. "ಅಮ್ಮ, ದಿನಾ ಮೆಷೀನ್ ಓಡಿಸೋಳು ಶೋಭಾ. ಅವಳ ಅಕೌಂಟಿಗೂ ನಿಮ್ಮಷ್ಟೇ ಹಕ್ಕು ಕೊಟ್ಬಿಡ್ತೀನಿ. ನಿಮ್ಮ ಡಿಸೈನಿನ ಬೀಗ ಹಾಗೇ ಇರುತ್ತೆ, ಹೊಲಿಯೋಕೆ ಒಂದು ನಕಲು ಅವಳಿಗೆ ಬಿಟ್ಟುಹೋಗಿ. ಒಂದು ಸಲ ಪಾಸ್‌ವರ್ಡ್ ಹಾಕಿ, ಆಯ್ತು" ಎಂದೆ.

"ಅದೇ ಸರಿ. ಹಾಕ್ತೀನಿ, ಏಳಿ" ಎಂದು ಪುಟ್ಟಗೌರಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

"ಬೇಡ" ಎಂದಳು ಶೋಭಾ.

ಇಬ್ಬರೂ ಅವಳ ಕಡೆ ನೋಡಿದೆವು.

"ಬೇಡ ಮೇಡಂ. ಈಗ ಇರೋ ಹಂಗೇ ಇರ್ಲಿ."

ನನಗೆ ಸಿಟ್ಟು ಬಂತು. "ಏನ್ ಹಂಗೇ ಇರ್ಲಿ? ಪ್ರತಿ ಸಲ ಇದೇ ರಾಮಾಯಣ ಆಗುತ್ತೆ. ಇದು ಸರಿಯಾದ ಸೆಟ್ಟಿಂಗ್ ಅಲ್ಲ" ಎಂದೆ.

ಪುಟ್ಟಗೌರಮ್ಮನಿಗೂ ರೇಗಿತು. "ತಲೆ ಕೆಟ್ಟಿದ್ಯೇನೇ ನಿನಗೆ? ನಾನಿನ್ನು ಮಗಳ ಮನೇಲೇ ಇರೋಳು. ಅಪ್‌ಡೇಟ್ ಬಂದಾಗೆಲ್ಲ ನಾನು ಈ ಮಂಡಿ ಇಟ್ಕೊಂಡು ಕೆಂಗೇರಿಯಿಂದ ಬಸ್ಸಲ್ಲಿ ಬರ್ಬೇಕಾ?"

ಶೋಭಾ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ರವಿಕೆಯ ಮಡಿಕೆ ಬಿಚ್ಚಿ, ಮತ್ತೆ ಅದೇ ಮಡಿಕೆ ಹಾಕಿದಳು. "ಹಕ್ಕು ಕೊಟ್ಟು ಹೋದ್ರೆ ಆಮೇಲೆ ನೀವ್ ಯಾಕ್ ಬರ್ತೀರಾ ಅಕ್ಕ?" ಎಂದಳು.

ನಾನು ಮೌಸ್ ಬಿಟ್ಟೆ. ಪುಟ್ಟಗೌರಮ್ಮ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕಣ್ಣೊರೆಸಿಕೊಂಡು, ಎದ್ದಿದ್ದ ಕುರ್ಚಿಯಲ್ಲೇ ಮತ್ತೆ ಕೂತರು.

"ಬಿಡಿ ಮೇಡಂ, ಅವಳು ಹೇಳ್ದಂಗೇ ಇರ್ಲಿ" ಎಂದರು. ಆಮೇಲೆ ಅವಳಿಗೆ, "ಬರೋದಾದ್ರೆ ಬೆಳಿಗ್ಗೆನೇ ಬರ್ತೀನಿ, ಊಟಕ್ಕೆ ಇಲ್ಲೇ ಇರ್ತೀನಿ. ಸೊಪ್ಪಿನ ಸಾರು ಮಾಡಿರು" ಎಂದರು.